ನಾಲ್ಕಿಂಚಿನ ಗೆರೆ

ನಮ್ಮ ಅಡುಗೆಮನೆಯಲ್ಲಿ ರವೆ ಪ್ಯಾಕೆಟ್ಟಿನ ಬಾಯಿಗೆ ಹಾಕಿದ ಹಳದಿ ಬಣ್ಣದ ಒಂದು ಕ್ಲಿಪ್ಪು ಇದೆ. ಬಟ್ಟೆ ಒಣಹಾಕುವ ಕ್ಲಿಪ್ಪಿಗಿಂತ ದೊಡ್ಡದು, ಸ್ಪ್ರಿಂಗು ಬಿಗಿ. ಹೋದ ವಾರ ಮಗಳು ಬಂದಿದ್ದಾಗ ಅದನ್ನು ತೆಗೆದು ತಿರುಗಿಸಿ ನೋಡಿ, "ದಿಸ್ ಈಸ್ ಸೋ ಸ್ಟ್ರಾಂಗ್, ಎಲ್ಲಿ ಸಿಕ್ತು ಅಮ್ಮಾ?" ಎಂದಳು. "ಮೊದಲು ಅದನ್ನ ಇದ್ದ ಕಡೆ ಇಡು, ರವೆ ಚೆಲ್ತೀಯ" ಎಂದು ಗದರಿದೆ. ಅವಳೇನೂ ರವೆ ಚೆಲ್ಲಿರಲಿಲ್ಲ. ಪಾಪ, ನನ್ನ ಮುಖ ನೋಡಿ ಟೀವಿ ಕಡೆ ಹೋದಳು.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಅದು ಸುಳ್ಳು. ಮೂಗಿನ ತುದಿಯವರೆಗೆ ಬರಲು ನನ್ನ ಕೋಪಕ್ಕೆ ಪುರುಸೊತ್ತು ಇರುವುದಿಲ್ಲ, ಹೊಟ್ಟೆಯಿಂದ ನೇರ ಬಾಯಿಗೆ ಬಂದುಬಿಡುತ್ತದೆ. ಬಾಯಿಗೆ ಬರದೆ ಹೊಟ್ಟೆಯಲ್ಲೇ ಉಳಿದ ಕೋಪ ನನ್ನ ಜೀವನದಲ್ಲಿ ಒಂದೇ ಒಂದು. ಅದಕ್ಕೂ ಈ ಕ್ಲಿಪ್ಪಿಗೂ ಸಂಬಂಧವಿದೆ.

ಎರಡು ಸಾವಿರದ ಎಂಟರಲ್ಲಿ ನಾನು ನ್ಯೂಜೆರ್ಸಿಯ ಒಂದು ಪುಟ್ಟ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಕಾಲೇಜಿನ ಹೆಸರು ಹೇಳುವುದಿಲ್ಲ, ಹೇಳಿದರೆ ಬಿಪಿ ಏರುತ್ತದೆ. ಗಣಿತವೆಂದರೆ ದೊಡ್ಡ ಗಣಿತವೇನಲ್ಲ. ಹೈಸ್ಕೂಲು ಮುಗಿಸಿ ಬಂದರೂ ಭಿನ್ನರಾಶಿ ಕಂಡರೆ ಬೆವರುವ ಮಕ್ಕಳಿಗೆ ಬೀಜಗಣಿತದ ಓನಾಮ. ಕಾಯಂ ಕೆಲಸವೂ ಅಲ್ಲ, ವರ್ಷವರ್ಷವೂ ಕಾಂಟ್ರ್ಯಾಕ್ಟು ನವೀಕರಿಸಬೇಕು. ಆದರೆ ಆ ಕೆಲಸದ ಜೊತೆಗೆ ಇಡೀ ಮನೆಗೆ ಹೆಲ್ತ್ ಇನ್ಶೂರೆನ್ಸ್ ಬರುತ್ತಿತ್ತು. ಈ ದೇಶದಲ್ಲಿ ಇದ್ದವರಿಗೆ ಆ ಮಾತಿನ ತೂಕ ಗೊತ್ತು.

ಆ ಕಾಲೇಜಿಗೊಂದು ಫುಟ್‌ಬಾಲ್ ತಂಡವಿತ್ತು. ಅಮೆರಿಕದ ಈ ಫುಟ್‌ಬಾಲ್ ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಆ ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಉಳಿದದ್ದೆಲ್ಲ ಗುದ್ದಾಟ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಈ ದೇಶದವರು ಆ ಹತ್ತು ಗಜವನ್ನು ಅಳೆಯುವುದು ಎರಡು ಕೋಲಿಗೆ ಕಟ್ಟಿದ ಸರಪಳಿಯಿಂದ. ಆ ಸರಪಳಿ ಹಿಡಿದು ಮೈದಾನದ ಅಂಚಿನಲ್ಲಿ ಆಟದ ಜೊತೆಜೊತೆಗೆ ಓಡಾಡಲು ನಾಲ್ಕು ಜನ ಇರುತ್ತಾರೆ. ದೊಡ್ಡ ಕಾಲೇಜುಗಳಲ್ಲಿ ಅವರಿಗೆ ಸಂಬಳ ಕೊಡುತ್ತಾರಂತೆ. ನಮ್ಮಲ್ಲಿ ಕಾಲೇಜಿನ ಕೆಲಸದವರೇ ಪುಕ್ಕಟೆ ಮಾಡುತ್ತಿದ್ದರು. ಅವರಲ್ಲಿ ನಾನೂ ಒಬ್ಬಳು.

ಸೀರೆ ಉಟ್ಟುಕೊಂಡು ಬೆಳೆದ ಮೈಸೂರಿನ ಹೆಂಗಸು ಕಿತ್ತಳೆ ಬಣ್ಣದ ಬನಿಯನ್ನಿನಂಥದೊಂದನ್ನು ಸ್ವೆಟರಿನ ಮೇಲೆ ತೊಟ್ಟು ಅಲ್ಲಿಗೆ ಹೋದದ್ದು ಹೇಗೆಂದರೆ, ಕಾಲೇಜಿನ ಪ್ಲಂಬರ್ ಗಸ್ ಎನ್ನುವವನಿಂದ. ಒಂದು ದಿನ ನನ್ನ ಕ್ಲಾಸಿನ ಹೀಟರಿನ ಪೈಪು ಸರಿಮಾಡಲು ಬಂದವನು ಟೇಪನ್ನು ಸೊಟ್ಟಗೆ ಹಿಡಿದು ಅಳೆಯುತ್ತಿದ್ದ. ಪಾಠ ನಿಲ್ಲಿಸಿ, ಸೊಟ್ಟಗೆ ಹಿಡಿದರೆ ಉದ್ದ ಜಾಸ್ತಿ ಬರುತ್ತದೆ, ಇಷ್ಟು ವಯಸ್ಸಾದರೂ ತಿಳಿಯುವುದಿಲ್ಲವೇ ಎಂದು ಬೈದೆ. ಅವನು ನಕ್ಕು, ಶನಿವಾರ ನಿನಗೆ ಬಿಡುವಿದೆಯೇ ಎಂದ. ನಲವತ್ತು ವರ್ಷದಿಂದ ಸರಪಳಿ ತಂಡದ ಮುಖಂಡ ಅವನೇ ಎಂದು ಆಮೇಲೆ ತಿಳಿಯಿತು.

ನಾನು ಒಪ್ಪಿದ್ದಕ್ಕೆ ಇನ್ನೊಂದು ಕಾರಣ ನಮ್ಮಪ್ಪ. ಅವರು ಸರ್ವೇ ಇಲಾಖೆಯಲ್ಲಿ ಮೋಜಣಿ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಬಿಸಿಲಿಗೆ ಕಾದ ಸರಪಳಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ಯಾರ ಜಮೀನು ಅಳೆಯಲು ಹೋದರೋ ಅವರ ಮನೆಯಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ಚೀಲದಲ್ಲಿ ಕಲಸಿದ ಅವಲಕ್ಕಿ, ಒಂದು ಹೂಜಿ ನೀರು. ಒಮ್ಮೆ ಒಬ್ಬರು ನನ್ನ ಕೈಗೆ ಹಲಸಿನ ತೊಳೆ ಕೊಟ್ಟುಬಿಟ್ಟರು. ನಾನು ಬಾಯಿಗೆ ಹಾಕುವ ಮೊದಲೇ ಅಪ್ಪ ಕಸಿದು ವಾಪಸ್ಸು ಕೊಟ್ಟು, "ಸರಪಳಿ ಹಿಡಿದೋರಿಗೆ ನೆಂಟರಿರಬಾರದು ಕಣಮ್ಮ" ಎಂದರು. ಹಲಸಿನ ತೊಳೆ ಹೋದ ಸಿಟ್ಟಿಗೆ ನಾನು ಆ ದಿನವೆಲ್ಲ ಸರಪಳಿಯನ್ನು ಸಡಿಲವಾಗಿ ಹಿಡಿದೆ. ಸಂಜೆ ಅಷ್ಟನ್ನೂ ಮತ್ತೆ ಅಳೆದರು.

ಗಸ್ ನನಗೆ ಕೊಟ್ಟದ್ದು ಕ್ಲಿಪ್ಪಿನ ಕೆಲಸ. ಮೈದಾನದಲ್ಲಿ ಐದೈದು ಗಜಕ್ಕೆ ಒಂದೊಂದು ಸುಣ್ಣದ ಗೆರೆ ಇರುತ್ತದೆ, ಅಗಲ ನಾಲ್ಕಿಂಚು. ಸರಪಳಿ ಅಂಚಿನಲ್ಲಿ ಮಲಗಿರುವಾಗ ಅದು ಯಾವ ಗೆರೆಯನ್ನು ದಾಟುತ್ತದೋ ಆ ಗೆರೆಯ ಹಿಂದಿನ ಅಂಚಿಗೆ ಸರಿಯಾಗಿ ಸರಪಳಿಗೆ ಕ್ಲಿಪ್ಪು ಹಾಕಬೇಕು. ಅಳೆಯುವ ಪ್ರಸಂಗ ಬಂದಾಗ ಸರಪಳಿಯನ್ನು ಮೈದಾನದ ನಡುವೆ ಹೊತ್ತೊಯ್ದು, ಅದೇ ಗೆರೆಯ ಹಿಂದಿನ ಅಂಚಿಗೆ ಕ್ಲಿಪ್ಪನ್ನು ಕೂರಿಸಿ ಎಳೆದರೆ ಹತ್ತು ಗಜ ಎಲ್ಲಿಗೆ ಮುಗಿಯುತ್ತದೆಂದು ತಿಳಿಯುತ್ತದೆ. ಹಿಂದಿನ ಅಂಚೆಂದರೆ ಚೆಂಡು ಹಿಡಿದವರು ಬಿಟ್ಟುಬಂದ ಕಡೆಯದು. ಅಪ್ಪಿತಪ್ಪಿ ಮುಂದಿನ ಅಂಚಿಗೆ ಕ್ಲಿಪ್ಪು ಹಾಕಿದಿರೋ, ಅಳೆಯುವಾಗ ಇಡೀ ಸರಪಳಿ ನಾಲ್ಕಿಂಚು ಹಿಂದೆ ಸರಿಯುತ್ತದೆ. ಚೆಂಡು ಹಿಡಿದವನಿಗೆ ನಾಲ್ಕಿಂಚು ಬಿಟ್ಟಿ ಸಿಗುತ್ತದೆ. ಮೂರು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪಿರಲಿಲ್ಲ. ಅದರ ಜಂಬವೂ ನನಗೆ ಬೇಕಾದಷ್ಟಿತ್ತು.

ನಮ್ಮ ಕಾಲೇಜಿಗೂ ಎಂಟು ಮೈಲಿ ಆಚೆಯ ಇನ್ನೊಂದು ಕಾಲೇಜಿಗೂ ಹಳೆಯ ಹಗೆ. ನವೆಂಬರಿನ ಕೊನೆಯ ಆಟ ಯಾವಾಗಲೂ ಇವರಿಬ್ಬರದೇ. ಗೆದ್ದವರಿಗೆ ತುಕ್ಕು ಹಿಡಿದ ಒಂದು ಹಾಲಿನ ಕ್ಯಾನು. ಯಾವುದೋ ಕಾಲದಲ್ಲಿ ಎರಡೂ ಊರಿನವರು ಹಸು ಸಾಕುತ್ತಿದ್ದರಂತೆ. ಆಡುವ ಹುಡುಗರಿಗೆ ಒಂದು ಕಾಸಿನ ಸ್ಕಾಲರ್‌ಶಿಪ್ಪಿಲ್ಲ, ಮುಂದೆ ದೊಡ್ಡ ಆಟಕ್ಕೆ ಹೋಗುವವನು ಒಬ್ಬನೂ ಇಲ್ಲ. ಕೊನೆಯ ವರ್ಷದವರಿಗೆ ಅದು ಬಾಳಿನಲ್ಲೇ ಕೊನೆಯ ಆಟ. ಆದರೂ ಆ ದಿನ ಎರಡೂ ಊರಿನ ಅಜ್ಜಂದಿರು ಕಂಬಳಿ ಹೊದ್ದು ಬಂದು ಅಳುತ್ತಿದ್ದರು.

ಇಂಥ ಆಟಗಳಲ್ಲಿ ಸೋಲುಗೆಲುವನ್ನು ತೀರ್ಮಾನಿಸುವುದು ಏನು? ಮೈಕು ಹಿಡಿದವರನ್ನು ಕೇಳಿ, ಗುಂಡಿಗೆ ಎನ್ನುತ್ತಾರೆ. ಕೋಚನ್ನು ಕೇಳಿ, ಯಾರಿಗೆ ಹಸಿವು ಹೆಚ್ಚೋ ಅವರು ಗೆಲ್ಲುತ್ತಾರೆ ಎನ್ನುತ್ತಾನೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಬೀದಿಯ ಸ್ಕೂಲಿನ ಮೇಲೆ ಖೋಖೋ ಆಡಿ ಒಂದು ಪಾಯಿಂಟಿನಲ್ಲಿ ಸೋತೆವು. ಸೋತದ್ದು ಯಾಕೆಂದರೆ ಅಂಪೈರಾಗಿದ್ದ ಡ್ರಿಲ್ ಮೇಷ್ಟರಿಗೆ ನಂಜನಗೂಡಿನ ಬಸ್ಸು ಹಿಡಿಯಬೇಕಾಗಿತ್ತು, ಎರಡು ನಿಮಿಷ ಮೊದಲೇ ಸೀಟಿ ಊದಿ ಓಡಿದರು. ಮಾರನೆಯ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಿಸ್ಸು, ಆ ಹುಡುಗಿಯರಲ್ಲಿದ್ದ ಛಲ ನಿಮ್ಮಲ್ಲಿರಲಿಲ್ಲ ಎಂದರು. ಛಲವಂತೆ. ಇವತ್ತಿಗೂ ನಂಜನಗೂಡಿನ ಬಸ್ಸು ಕಂಡರೆ ನನಗೆ ಆಗುವುದಿಲ್ಲ.

ಎರಡು ಸಾವಿರದ ಎಂಟರ ಸೆಪ್ಟೆಂಬರಿನಲ್ಲಿ ನಮ್ಮ ಯಜಮಾನರು ಕೆಲಸಮಾಡುತ್ತಿದ್ದ ಮ್ಯಾನ್‌ಹಟನ್ನಿನ ಬ್ಯಾಂಕು ಮುಳುಗಿತು. ಒಂದೇ ವಾರದಲ್ಲಿ ಇವರ ವಿಭಾಗ ಇಡಿಯಾಗಿ ಮನೆಗೆ ಬಂತು. ಆದರೂ ಇವರು ಬೆಳಿಗ್ಗೆ ಆರಕ್ಕೆ ಎದ್ದು, ಷರ್ಟು ಹಾಕಿ, ಮಾನ್ಮತ್ ಜಂಕ್ಷನ್ನಿನ ನಮ್ಮ ಮನೆಯಿಂದ ರೈಲು ಸ್ಟೇಷನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ, ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಪೇಪರು ಓದಿ ಬರುತ್ತಿದ್ದರು. ನಾನು ಕೇಳಿದೆ.

"ಯಾಕ್ರೀ ಹೋಗ್ತೀರ ಅಲ್ಲಿಗೆ?"

"ಪಾರ್ಕಿಂಗ್ ಪರ್ಮಿಟ್‌ಗೆ ನಾಲ್ಕು ವರ್ಷ ವೇಟಿಂಗ್ ಲಿಸ್ಟಲ್ಲಿದ್ದೆ ಕಣೆ. ಡಿಸೆಂಬರ್ ತನಕ ಇದೆ. ಯೂಸ್ ಮಾಡ್ದೆ ಬಿಡೋಕಾಗತ್ತಾ?"

ಬೇರೆ ಹೊತ್ತಿನಲ್ಲಾಗಿದ್ದರೆ ನಗುತ್ತಿದ್ದೆ. ಇವರಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕಿತ್ತು. ಮಗಳಿಗೆ ವೀಸಿಂಗ್. ಮನೆಯ ಔಷಧಿಯೆಲ್ಲ ಈಗ ನನ್ನ ಕಾಂಟ್ರ್ಯಾಕ್ಟಿನ ಮೇಲೆ ನಿಂತಿತ್ತು.

ಆಟದ ಹಿಂದಿನ ದಿನ, ಶುಕ್ರವಾರ, ಡೀನ್ ನನ್ನನ್ನು ಕರೆಸಿದ. ಕಾಲೇಜಿನ ನಿಧಿ ಷೇರುಪೇಟೆಯಲ್ಲಿ ಕರಗಿದೆ, ಕಷ್ಟದ ನಿರ್ಧಾರಗಳನ್ನು ತೆಗೆದುಕೊಳ್ಳಬೇಕಾಗಿದೆ ಎಂದ. ನಾನು ಕಲಿಸುವ ಕೆಳಹಂತದ ಗಣಿತವನ್ನೇ ಮುಚ್ಚುವ ಯೋಚನೆಯಿದೆಯಂತೆ. ಇನ್ನೂ ಏನೂ ಅಂತಿಮವಲ್ಲ ಎಂದು ಸೇರಿಸಿದ. ನಾಳೆ ನಾವು ಗೆದ್ದರೆ ಹಳೆಯ ವಿದ್ಯಾರ್ಥಿಗಳ ಮನಸ್ಸು ಅರಳುತ್ತದೆ, ಕೈ ಸಡಿಲವಾಗುತ್ತದೆ, ಸಂಜೆ ಅಧ್ಯಕ್ಷರ ಟೆಂಟಿಗೆ ಬಾ, ನಿನ್ನ ವಿಷಯ ನಾನೇ ಎತ್ತುತ್ತೇನೆ. ಎದ್ದು ಬರುವಾಗ ಬೆನ್ನು ತಟ್ಟಿ, "ಲೆಟ್ಸ್ ಗೆಟ್ ಥ್ರೂ ಸ್ಯಾಟರ್‌ಡೇ" ಎಂದ. ಹದಿಮೂರು ವರ್ಷ ಮಕ್ಕಳಿಗೆ ಭಿನ್ನರಾಶಿ ಕಲಿಸಿದವಳ ಗತಿ ಮೊಟ್ಟೆಯಾಕಾರದ ಒಂದು ಚೆಂಡಿಗೆ ಗಂಟುಬಿದ್ದದ್ದನ್ನು ಯೋಚಿಸುತ್ತ ಆ ರಾತ್ರಿ ಅನ್ನವನ್ನು ತಳ ಹಿಡಿಸಿದೆ.

ಶನಿವಾರ ಮೈದಾನದಲ್ಲಿ ಮೊದಲು ಸಿಕ್ಕವಳು ಲವೀನಾ. ಮಂಗಳೂರಿನವಳು. ನಾವಿಬ್ಬರೂ ಈ ದೇಶಕ್ಕೆ ಬಂದ ಹೊಸತರಲ್ಲಿ ಹಿಕ್ಸ್‌ವಿಲ್ಲಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದಲ್ಲಿದ್ದೆವು. ಅವಳ ಮಗ ವಿನ್ಸೆಂಟ್, ನಾವೆಲ್ಲ ಕರೆಯುವುದು ವಿನ್ ಎಂದು, ಎದುರಾಳಿ ಕಾಲೇಜಿನ ತಂಡದಲ್ಲಿದ್ದ. ಅದು ಅವನ ಕೊನೆಯ ವರ್ಷ. ಅವನಿಗೆ ಭಿನ್ನರಾಶಿ ಕಲಿಸಿದ್ದು ನಾನು, ನಮ್ಮ ಊಟದ ಮೇಜಿನ ಮೇಲೆ, ಚಪಾತಿಯನ್ನು ತುಂಡುಮಾಡಿ.

ಲವೀನಾ ಒಂದು ಡಬ್ಬಿ ಸಾನ್ನಾ, ಅಂದರೆ ಅವರ ಕಡೆಯ ಇಡ್ಲಿ, ನನ್ನ ಕೈಗೆ ಕೊಡಲು ಬಂದಳು. "ನಿಂಗೆ ಬೇರೆ ಚಟ್ನಿ ಮಾಡಿದ್ದೇನೆ ಮಾರಾಯ್ತಿ, ವೆಜ್ಜೇ. ಇವತ್ತು ಎಂತ, ನೀನು ಯಾರ ಕಡೆ?"

"ನಾನು ಸರಪಳಿ ಕಡೆ. ಡಬ್ಬಿ ಆಟ ಮುಗಿದ್ಮೇಲೆ ಕೊಡು" ಎಂದೆ. ಹೇಳುವಾಗ ನಮ್ಮಪ್ಪನ ಮಗಳು ಎಂದು ನನಗೆ ಹೆಮ್ಮೆಯೂ ಆಯಿತು.

ಅರ್ಧ ಆಟಕ್ಕೆ ಬಿಡುವು ಬಂದಾಗ ಅಧ್ಯಕ್ಷರು ಮೈದಾನದ ನಡುವೆ ಬಂದು ಮೈಕು ಹಿಡಿದರು. ಕಾಲ ಕಷ್ಟದ್ದು, ಆದರೆ ನಾವೆಲ್ಲ ಒಂದು ಕುಟುಂಬ ಎಂದರು. ಆಮೇಲೆ ಇಬ್ಬರು ಹುಡುಗಿಯರು ದೊಡ್ಡ ಚಿತ್ರವೊಂದರ ಮೇಲಿನ ಬಟ್ಟೆ ಸರಿಸಿದರು. ಹೊಸ ಸ್ಕೋರ್‌ಬೋರ್ಡು. ಎಲೆಕ್ಟ್ರಾನಿಕ್ಕು, ಬಣ್ಣಬಣ್ಣದ್ದು, ಎರಡು ಮಹಡಿ ಎತ್ತರ. ಹಳೆಯ ವಿದ್ಯಾರ್ಥಿಯೊಬ್ಬರ ಉದಾರ ಕೊಡುಗೆ. ಜನ ಎದ್ದು ಚಪ್ಪಾಳೆ ತಟ್ಟಿದರು. ಡೀನ್ ನನ್ನತ್ತ ಕೈಬೀಸಿದ. ಕೂಡುವುದು ಕಳೆಯುವುದು ಕಲಿಸಲು ದುಡ್ಡಿಲ್ಲ, ಕೂಡಿದ್ದನ್ನು ಬೆಳಕಿನಲ್ಲಿ ತೋರಿಸಲು ದುಡ್ಡಿದೆ. ಆಗಲೇ ಬಾಯಿಬಿಟ್ಟು ಕೂಗಾಡಿಬಿಟ್ಟಿದ್ದರೆ ಒಳ್ಳೆಯದಿತ್ತು. ಇನ್ಸುಲಿನ್ ನೆನಪಾಗಿ ನುಂಗಿಕೊಂಡೆ.

ನುಂಗಿದ ಕೋಪ ಆಟದ ಮೂರನೆಯ ಕಾಲು ಭಾಗದುದ್ದಕ್ಕೂ ಕುದಿಯಿತು. ಕೊನೆಯ ಕಾಲು ಭಾಗದಲ್ಲಿ ಅವರು ನಾಲ್ಕು ಪಾಯಿಂಟು ಮುಂದೆ, ಚೆಂಡು ನಮ್ಮವರ ಕೈಯಲ್ಲಿ. ಹೊಸದಾಗಿ ಸರಪಳಿ ಹಾಸಿದೆವು. ನಾನು ಬಗ್ಗಿ ಕ್ಲಿಪ್ಪು ಹಾಕಿದೆ. ಕೈ ಕ್ಲಿಪ್ಪಿನ ಮೇಲಿತ್ತು, ಕಣ್ಣು ಆ ಚಿತ್ರದ ಮೇಲಿತ್ತು. ಮನಸ್ಸಿನಲ್ಲಿ ಡೀನನಿಗೆ ಶುದ್ಧ ಮೈಸೂರು ಕನ್ನಡದಲ್ಲಿ ಸಹಸ್ರನಾಮ ನಡೆಯುತ್ತಿತ್ತು.

ಮೂರು ಅವಕಾಶ ಮುಗಿದವು. ನಾಲ್ಕನೆಯದರಲ್ಲಿ ಬೇಕಾದದ್ದು ಒಂದು ಗಜ. ನಮ್ಮ ಹುಡುಗ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ನುಗ್ಗಿದ. ಎದುರಿನಿಂದ ಬಂದು ಅವನನ್ನು ತಡೆದದ್ದು ವಿನ್. ಇಬ್ಬರ ಮೇಲೆ ಹತ್ತು ಜನ ಬಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿದ ಮೇಲೆ ಅಂಪೈರು ನಮ್ಮತ್ತ ಕೈ ಮಾಡಿದ. ಅಳೆಯಬೇಕು.

ಸರಪಳಿ ಹೊತ್ತು ಓಡಿದೆವು. ಅಂಪೈರು ಕ್ಲಿಪ್ಪು ಇದ್ದ ಕಡೆ ಹಿಡಿದು, ಬಗ್ಗಿ, ಗೆರೆಯ ಹಿಂದಿನ ಅಂಚಿಗೆ ಕೂರಿಸಿದ. ಅದನ್ನು ಕಂಡ ಕ್ಷಣವೇ ನನಗೆ ಗೊತ್ತಾಯಿತು. ನಾನು ಹಾಕಿದ್ದು ಮುಂದಿನ ಅಂಚಿಗೆ. ಸುಣ್ಣ ದಾಟಿದ ಮೇಲಿನ ಹಸಿರು ಹುಲ್ಲಿಗೆ ನನ್ನ ಬೆರಳು ತಾಗಿದ್ದು ಬೆರಳಿಗೇ ನೆನಪಿತ್ತು. ಗಸ್ ಕೋಲನ್ನು ಎಳೆದು ನಿಲ್ಲಿಸಿದ. ಚೆಂಡಿನ ಮೂಗು ಕೋಲನ್ನು ಎರಡಿಂಚು ದಾಟಿತ್ತು. ನಾಲ್ಕರಲ್ಲಿ ಎರಡು ಕಳೆಯಿರಿ. ನಿಜವಾಗಿ ಅವನು ಎರಡಿಂಚು ಹಿಂದೆಯೇ ಬಿದ್ದಿದ್ದ. ವಿನ್ ಅವನನ್ನು ನಿಲ್ಲಿಸಿದ್ದ.

ಅಂಪೈರು ಕೈ ಮುಂದೆ ಚಾಚಿ ನಮ್ಮವರಿಗೆ ಕೊಟ್ಟ. ಮೈದಾನ ಹುಚ್ಚೆದ್ದಿತು. ಮುಂದಿನ ಅವಕಾಶ ಶುರುವಾಗಲು ಇಪ್ಪತ್ತೈದು ಸೆಕೆಂಡು. ಚೆಂಡು ಮತ್ತೆ ಕೈಗೆ ಬಂದರೆ ಹಿಂದಿನದನ್ನು ಯಾರಿಂದಲೂ ತಿದ್ದಲಾಗುವುದಿಲ್ಲ. ಅಷ್ಟರೊಳಗೆ ಪಕ್ಕದಲ್ಲಿದ್ದ ಗಸ್‌ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಸೀದಾ ಅಂಪೈರಿನ ಹತ್ತಿರ ಹೋಗುತ್ತಿದ್ದ, ನನಗೆ ಗೊತ್ತು. ಬಾಯಿ ತೆರೆದೆ. ಟೆಂಟು ಕಾಣಿಸಿತು. ಸ್ಟೇಷನ್ನಿನಲ್ಲಿ ಕಾರೊಳಗೆ ಕೂತ ಮನುಷ್ಯ ಕಾಣಿಸಿದರು. ಹಾಲಿನವನ ಜೊತೆ, ಪ್ಲಂಬರಿನ ಜೊತೆ, ಕಟ್ಟಿಕೊಂಡ ಗಂಡನ ಜೊತೆ ಕಾರಣವಿಲ್ಲದೆ ಜಗಳವಾಡಿದ ಈ ಬಾಯಿ, ಕಾರಣ ಸಿಕ್ಕ ದಿನ ಮುಚ್ಚಿಕೊಂಡಿತು. ಇಪ್ಪತ್ತೈದು ಸೆಕೆಂಡು ಕಳೆಯಿತು. ಇನ್ನು ಮೂರು ಅವಕಾಶದಲ್ಲಿ ನಮ್ಮವರು ಮೈದಾನದ ಕೊನೆಯ ಗೆರೆ ದಾಟಿ, ಆರು ಪಾಯಿಂಟು ಪಡೆದು ಗೆದ್ದರು.

ಗದ್ದಲದಲ್ಲಿ ಕ್ಲಿಪ್ಪನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಗಸ್ ಕೇಳಿದಾಗ ಕಳೆದುಹೋಯಿತು ಎಂದೆ. ಅವನು ಸರಪಳಿ ಸುತ್ತಿಕೊಂಡು ಹೋದ.

ಅಷ್ಟರಲ್ಲಿ ವಿನ್ ಬಂದ. ಹೆಲ್ಮೆಟ್ ಕೈಯಲ್ಲಿತ್ತು, ಗಲ್ಲಕ್ಕೆ ಮಣ್ಣು ಮೆತ್ತಿತ್ತು.

"ಆಂಟಿ, ಬೀ ಆನೆಸ್ಟ್ ವಿತ್ ಮಿ. ಹಿ ವಾಸ್ ಶಾರ್ಟ್, ರೈಟ್? ಐ ಹ್ಯಾಡ್ ಹಿಮ್" ಎಂದ.

ನಿಜ ಹೇಳು, ಅವನು ತಲುಪಿರಲಿಲ್ಲ ಅಲ್ಲವೇ, ನಾನು ಹಿಡಿದಿದ್ದೆ. ಇಪ್ಪತ್ತೊಂದು ವರ್ಷದ ಆ ಹುಡುಗ ನನ್ನನ್ನು ಕೇಳಿದ್ದು ಇಷ್ಟೇ. ಆಟ ಮುಗಿದಿತ್ತು, ಹೇಳಿದರೂ ಕ್ಯಾನು ಅವರಿಗೆ ಹೋಗುತ್ತಿರಲಿಲ್ಲ. ಅವನೊಬ್ಬನಿಗೆ ಹೇಳಬಹುದಿತ್ತು. ಟೆಂಟಿನಿಂದ ಡೀನ್ ನಮ್ಮನ್ನೇ ನೋಡುತ್ತಿದ್ದ.

"ಸರಪಳಿ ಸುಳ್ಳು ಹೇಳಲ್ಲ ಪುಟ್ಟಾ," ಎಂದೆ. "ನೀನು ಒಂಚೂರು ಲೇಟಾದೆ. ಹಾಫ್ ಎ ಸೆಕೆಂಡ್."

ಅವನು ತಲೆಯಾಡಿಸಿದ. "ಓಕೆ, ಆಂಟಿ" ಎಂದು ನನ್ನನ್ನು ತಬ್ಬಿಕೊಂಡೇ ಹೋದ. ಲವೀನಾ ಡಬ್ಬಿ ಕೊಟ್ಟಳು. ಅದನ್ನು ಅವಳೆದುರೇ ತೆರೆದು ತಿಂದೆ.

ಟೆಂಟಿನಲ್ಲಿ ಅಧ್ಯಕ್ಷರು ನನ್ನ ಕೈಕುಲುಕಿದರು. ಏಪ್ರಿಲ್ಲಿನಲ್ಲಿ ಪತ್ರ ಬಂತು, ನನ್ನ ವಿಭಾಗ ಮುಚ್ಚಿದೆ, ಸೇವೆಗೆ ಧನ್ಯವಾದ. ಆಗಸ್ಟಿನಲ್ಲಿ ಡೀನನಿಂದ ಈಮೇಲು: ಈ ವರ್ಷವೂ ಶನಿವಾರ ಸರಪಳಿಗೆ ಬರುತ್ತೀಯಲ್ಲ, ನೀನಿಲ್ಲದೆ ನಮ್ಮ ಆಟವೇ ಇಲ್ಲ. ನಾನು ಬರೆದ ಉತ್ತರವನ್ನು ಓದಿದ ಮಗಳು, ಇದರಲ್ಲಿ ಕೆಲವು ಪದ ತನಗೂ ಗೊತ್ತಿರಲಿಲ್ಲ ಎಂದಳು. ಅಷ್ಟರಲ್ಲಿ ನಮ್ಮವರಿಗೆ ಬಾಸ್ಕಿಂಗ್ ರಿಡ್ಜ್‌ನಲ್ಲಿ ಕೆಲಸ ಸಿಕ್ಕಿತ್ತು, ಇನ್ಶೂರೆನ್ಸೂ ಬಂದಿತ್ತು. ಅಂದರೆ ನಾನು ಬಾಯಿ ಮುಚ್ಚಿದ್ದರಿಂದ ಉಳಿದದ್ದು ಏನೂ ಇಲ್ಲ. ಇಷ್ಟು ವರ್ಷ ಆ ಕಾಲೇಜಿನ ಮೇಲೆ, ಡೀನನ ಮೇಲೆ, ಸ್ಕೋರ್‌ಬೋರ್ಡಿನ ಮೇಲೆ ಕಂಡಕಂಡವರ ಹತ್ತಿರ ಹರಿಹಾಯ್ದಿದ್ದೇನೆ. ಕೇಳಿದವರೆಲ್ಲ ನನ್ನದೇ ನ್ಯಾಯ ಎಂದಿದ್ದಾರೆ. ಕ್ಲಿಪ್ಪಿನ ವಿಷಯ ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಮೊನ್ನೆ ಲವೀನಾ ಫೋನ್ ಮಾಡಿದ್ದಳು. ವಿನ್‌ಗೆ ಈಗ ಎರಡು ಮಕ್ಕಳು, ಶನಿವಾರ ಊರಿನ ಚಿಕ್ಕ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಾನೆ.

"ಅವ ಆ ಮಕ್ಕಳಿಗೆ ಅದೊಂದೇ ಕತೆ ಹೇಳುದು ಮಾರಾಯ್ತಿ," ಎಂದಳು. "ನಾನೊಮ್ಮೆ ಅರ್ಧ ಸೆಕೆಂಡ್ ಲೇಟಾದೆ, ನೀವು ಆಗ್ಬೇಡಿ ಅಂತ. ಇನ್ನೂ ಕನಸು ಬೀಳ್ತದಂತೆ ಅವನಿಗೆ. ನೀನು ಲೇಟ್ ಆಗ್ಲಿಲ್ಲ ಮಗಾ ಅಂತ ಅವನ ಪಪ್ಪ ಹೇಳಿದ್ರೂ ಕೇಳುದಿಲ್ಲ. ಆಂಟಿ ಹೇಳಿದ್ದಾರೆ, ಆಂಟಿ ಲೆಕ್ಕದಲ್ಲಿ ತಪ್ಪುದಿಲ್ಲ ಅಂತಾನೆ."

ನಾನು "ಕುಕ್ಕರ್ ಕೂಗ್ತಿದೆ" ಎಂದು ಫೋನಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಆಟವನ್ನು ತೀರ್ಮಾನಿಸಿದ್ದು ಗುಂಡಿಗೆಯಲ್ಲ, ಹಸಿವಲ್ಲ, ಛಲವೂ ಅಲ್ಲ. ನಲವತ್ತಾರು ವರ್ಷದ ಒಬ್ಬ ಹೆಂಗಸಿನ ಸಿಟ್ಟು ಮತ್ತು ಹೆದರಿಕೆ, ಎರಡೂ ಒಂದೇ ಮಧ್ಯಾಹ್ನ. ಇದನ್ನು ಬರೆಯಲು ಕೂತಾಗ ದೊಡ್ಡ ಧೈರ್ಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅದೂ ಸುಳ್ಳು. ವಿನ್‌ಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆದಿದ್ದೇನೆ.

ಆದರೆ ಲವೀನಾಗೆ ಬರುತ್ತದೆ. ಲವೀನಾ, ಇದನ್ನು ಓದಿದ ಮೇಲೆ ನನಗೆ ಬೈಯಲು ಫೋನ್ ಮಾಡುತ್ತೀಯ, ಮಾಡು. ಅದಕ್ಕೆ ಮೊದಲು ಅವನಿಗೆ ಮಾಡು. ಅವನು ತಡಮಾಡಿರಲಿಲ್ಲ. ಸರಿಯಾದ ಹೊತ್ತಿಗೆ ಬಂದಿದ್ದ, ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದ. ತಪ್ಪಿದವಳು ನಾನು.